ಅಂಚಿನ ಕಲ್ಲುಗುಪ್ಪೆ

ವಿಜಯಪುರದ ಜೋರಾಪುರ ಪೇಟೆಯಲ್ಲಿ ನಮ್ಮ ಅಬ್ಬಾ ಅಂಗಡಿಗಳ ಬೋರ್ಡು ಬರೆಯುತ್ತಿದ್ದರು. ಪ್ಲಾಸ್ಟಿಕ್ ಬ್ಯಾನರು ಬಂದ ಮೇಲೆ ಆ ಕೆಲಸ ಸತ್ತಿತು. ಬ್ರಶ್ಶುಗಳು ಮನೆಯಲ್ಲಿ ಉಳಿದವು, ಗೆರೆ ಎಳೆಯುವ ಹುಚ್ಚು ನನಗೆ ಅಂಟಿತು. ಚಿತ್ರಕಲೆಯ ಡಿಪ್ಲೊಮಾ ಮುಗಿಸಿ ಸುಮ್ಮನೆ ಕೂತಿದ್ದಾಗ, ನನಗೆ ಕಲಿಸಿದ್ದ ಮೇಡಂ ಒಬ್ಬರು ಫೋನು ಮಾಡಿದರು. ಬಬಲೇಶ್ವರದ ಕಡೆ ಬಹಳ ಹಳೆಯ ಕಾಲದ ಗೋರಿಗಳನ್ನು ಅಗೆಯುತ್ತಾರಂತೆ, ಕಲ್ಲು, ಗಡಿಗೆ, ಎಲುಬುಗಳನ್ನು ಇದ್ದದ್ದು ಇದ್ದಂತೆ ಅಳತೆ ಹಿಡಿದು ಬರೆಯುವವರು ಬೇಕಂತೆ, ಹೋಗುತ್ತೀಯಾ ಎಂದರು. ಗೋರಿ ಎಂದೊಡನೆ ಅಮ್ಮಿ ಬೇಡವೆಂದಳು. ನಮ್ಮವರದೂ ಅಲ್ಲ, ಅವರದೂ ಅಲ್ಲ, ಯಾರೂ ಅಳುವವರಿಲ್ಲದ ಗೋರಿ ಅವು, ಹೋಗಲಿ ಬಿಡು ಎಂದು ಅಬ್ಬಾ ಅವಳನ್ನು ಒಪ್ಪಿಸಿದರು.

ತಿಕೋಟಾದಲ್ಲಿ ಬಸ್ಸಿಳಿದು ಟಂಟಂ ಆಟೋ ಹಿಡಿದರೆ ಎರೆಹೊಲಗಳ ನಡುವೆ ಒಂದು ಬೋಳು ದಿನ್ನೆ ಸಿಗುತ್ತಿತ್ತು. ಒಂದು ಮಗ್ಗುಲಿನಲ್ಲಿ ಅದು ಹೊಲಗಳಿಗೆ ಮೆಲ್ಲಗೆ ಇಳಿಯುತ್ತದೆ. ಇನ್ನೊಂದು ಮಗ್ಗುಲನ್ನು ಡೋಣಿ ಹೊಳೆಗೆ ಸೇರುವ ಹಳ್ಳ ಕೊರೆದು ಕೊರೆದು ಕಡಿದಾದ ದಂಡೆ ಮಾಡಿಬಿಟ್ಟಿದೆ. ಆ ದಂಡೆಯ ಮೇಲೆಲ್ಲ ಕಲ್ಲಿನ ಗುಪ್ಪೆಗಳು. ಒಂದೊಂದರ ಸುತ್ತಲೂ ಗುಂಡುಕಲ್ಲುಗಳ ಬಳೆ. ಗುಪ್ಪೆಯ ಕಲ್ಲು ಸರಿಸಿ ಅಗೆದರೆ ಕೆಳಗೆ ದೊಡ್ಡ ಹಾಸುಗಲ್ಲು, ಅದರಡಿ ನಾಲ್ಕು ಚಪ್ಪಡಿ ನಿಲ್ಲಿಸಿದ ಕಲ್ಲುಪೆಟ್ಟಿಗೆ, ಅದರೊಳಗೆ ಸತ್ತವರು. ಆದರೆ ನಮಗೆ ಸಿಕ್ಕ ಪೆಟ್ಟಿಗೆಗಳೆಲ್ಲ ಬರಿದಾಗಿದ್ದವು. ಯಾವ ಕಾಲದಲ್ಲೋ ನಿಧಿಯಾಸೆಗೆ ಬಿದ್ದವರು ಹಾಸುಗಲ್ಲುಗಳನ್ನು ಒಡೆದು, ಎಲುಬು ಚೆಲ್ಲಿ, ಗಡಿಗೆ ಪುಡಿಮಾಡಿ ಹೋಗಿದ್ದರು. ಗುಪ್ಪೆ ತೆಗೆದಷ್ಟೂ ಗಡಿಗೆಯ ಒಡಕು ಬೋಕಿಯೇ ಬಂತು.

ಅಗೆತದ ಮುಖ್ಯಸ್ಥರನ್ನು ನಾವೆಲ್ಲ ಸಾಹೇಬರು ಎನ್ನುತ್ತಿದ್ದೆವು. ಮೈಸೂರು ಕಡೆಯವರು. ಒಂದು ದಿನವೂ ಗಟ್ಟಿಯಾಗಿ ಮಾತಾಡಿದ್ದು ಕೇಳಲಿಲ್ಲ. ಬುಟ್ಟಿ ಹೊರುವ ಹೆಂಗಸರನ್ನೂ 'ಅಮ್ಮ' ಎಂದೇ ಕರೆಯುತ್ತಿದ್ದರು, ಬಿಸಿಲೇರಿದಾಗ ಎಲ್ಲರಿಗೂ ಮಜ್ಜಿಗೆ ತರಿಸುತ್ತಿದ್ದರು. ಮೊದಲ ವಾರ ನಾನು ಮನೆಗೆ ಹೋಗಿ ಅವರನ್ನು ಹೊಗಳಿದ್ದೇ ಹೊಗಳಿದ್ದು.

ಹೆಂಗಸರ ಗುಂಪಿಗೆ ಮುಂದಾಳಾಗಿ ಒಬ್ಬ ಮುದುಕಿ ಇದ್ದಳು, ಕುರಿ ಸಾಕುವ ಮನೆಯವಳು. ಎತ್ತರದ ಆಳು, ಬಾಯಲ್ಲಿ ಸದಾ ತಂಬಾಕು. ಗಂಡಸರು ಇಬ್ಬರು ಸೇರಿ ಎತ್ತುವ ಕಲ್ಲನ್ನು ಒಬ್ಬಳೇ ಉರುಳಿಸುತ್ತಿದ್ದಳು. ಅವಳ ಸೊಸೆಯೂ ಅದೇ ಗುಂಪಿನಲ್ಲಿ ಮಣ್ಣು ಹೊರುತ್ತಿದ್ದಳು. ಸೊಸೆಯ ಗಂಡ ಹಿಂಡಿನ ಜೊತೆ ಊರೂರು ತಿರುಗುವವನು, ಮಳೆಗಾಲಕ್ಕೆ ಮಾತ್ರ ಮನೆ ಸೇರುತ್ತಿದ್ದ. ಅತ್ತೆ ಸೊಸೆ ಒಟ್ಟಿಗೆ ಬರುತ್ತಿದ್ದರು, ಒಟ್ಟಿಗೆ ಹೋಗುತ್ತಿದ್ದರು. ನಡುವೆ ಒಂದು ಮಾತೂ ಇರುತ್ತಿರಲಿಲ್ಲ. ಊಟದ ಹೊತ್ತಿಗೆ ಸೊಸೆ ಎಲ್ಲರಿಂದ ದೂರ, ದಂಡೆಯ ತೀರ ಅಂಚಿನಲ್ಲಿದ್ದ ಒಂದು ಗುಪ್ಪೆಯ ಬಳಿ ಹೋಗಿ ರೊಟ್ಟಿ ಬಿಚ್ಚುತ್ತಿದ್ದಳು. ಗಾಳಿ ಚೆನ್ನಾಗಿರುತ್ತದೆಂದು ಹೋಗುತ್ತಾಳೆ ಎಂದುಕೊಂಡಿದ್ದೆ.

ಒಂದು ದಿನ ಮಣ್ಣು ಜರಡಿ ಹಿಡಿಯುವಾಗ ಒಂದು ಕೆಂಪು ಮಣಿ ಸಿಕ್ಕಿತು. ಅಷ್ಟು ದಿನಗಳ ಅಗೆತದಲ್ಲಿ ಕಣ್ಣಿಗೆ ಬಣ್ಣವೆಂಬುದು ಕಂಡದ್ದೇ ಅಂದು. ಕೈಯಿಂದ ಕೈಗೆ ದಾಟಿಸಿ ಎಲ್ಲರೂ ನೋಡಿದರು. ಮಧ್ಯಾಹ್ನದ ಮೇಲೆ ನೋಡಿದರೆ ಮಣಿ ಇಲ್ಲ. ಸಾಹೇಬರು ಹೆಂಗಸರನ್ನೆಲ್ಲ ಸಾಲಾಗಿ ನಿಲ್ಲಿಸಿದರು. "ಯಾರ ಮೇಲೂ ನನಗೆ ಅನುಮಾನ ಇಲ್ಲ. ಅದಕ್ಕೇ ಎಲ್ಲರನ್ನೂ ನೋಡಬೇಕು" ಎಂದು ಮೆಲುದನಿಯಲ್ಲಿ ಹೇಳಿದರು. ನನ್ನಿಂದಲೇ ಶುರುವಾಯಿತು. ದುಪಟ್ಟಾ ಕೊಡವಿದೆ, ಚೀಲ ಮಗುಚಿದೆ. ಆಮೇಲೆ ಒಬ್ಬೊಬ್ಬರೇ ಸೆರಗು ಬಿಚ್ಚಿ ಜಾಡಿಸಬೇಕು, ತುರುಬು ಬಿಚ್ಚಬೇಕು, ಸೊಂಟದ ಸಂಚಿ ಬಿಚ್ಚಿ ಸುರಿಯಬೇಕು. ಗಂಡಾಳುಗಳು ಬದುವಿನ ಮೇಲೆ ಕೂತು ನೋಡುತ್ತಿದ್ದರು. ಕೆಲವರು ನಗುತ್ತಲೂ ಇದ್ದರು. ಎಲೆ, ಅಡಿಕೆ, ಸುಣ್ಣದ ಡಬ್ಬಿ, ದೇವರ ಅರಿಶಿನ ಭಂಡಾರದ ಪೊಟ್ಟಣಗಳು ಮಣ್ಣಿಗೆ ಬಿದ್ದವು. ಸೊಸೆಯ ಸಂಚಿಯಿಂದ ಬಿದ್ದದ್ದು ಕೂಸಿನ ಕೈಗೆ ಹಾಕುವ ಕರಿಮಣಿಯ ಒಂದು ಸಣ್ಣ ಕಡಗ.

ಸಾಹೇಬರು ಅದನ್ನೆತ್ತಿ ಬೆರಳ ತುದಿಗೆ ಸಿಕ್ಕಿಸಿಕೊಂಡು, ಇದೂ ಇಲ್ಲೇ ಸಿಕ್ಕಿದ್ದಾ ಎಂದು ಕೇಳಿದರು.

ನನ್ನ ಕೂಸಿಂದರಿ ಎಂದಳು ಆಕೆ. ಕೂಸು ಎಲ್ಲಿದೆ ಎಂದು ಕೇಳಿದರು. ಆಕೆ ಅತ್ತೆಯ ಕಡೆ ಒಮ್ಮೆ ನೋಡಿ, ಅಂಚಿನ ಗುಪ್ಪೆಯ ಕಡೆ ತಿರುಗಿದಳು.

"ಸಾಹೇಬ್ರ, ಎಲ್ಲಾ ತೆಗೀರಿ, ಆ ಗುಪ್ಪಿ ಒಂದು ಬಿಡ್ರಿ. ಅದರಾಗ ನನ್ನ ಕೂಸೈತಿ."

ಎರಡು ಮಳೆಗಾಲದ ಹಿಂದೆ ಈ ದಿನ್ನೆಯ ಮೇಲೆ ಅವರ ಕುರಿದಡ್ಡಿ ಇತ್ತಂತೆ. ಆಗ ಅವಳ ಗಂಡುಕೂಸು ಜ್ವರ ಬಂದು ಸತ್ತಿತು. ಹಲ್ಲು ಬಾರದ ಕೂಸನ್ನು ಅವರು ಸುಡುವುದಿಲ್ಲ, ಹೂಳುತ್ತಾರೆ. ಬಯಲಲ್ಲಿ ಹೂತರೆ ತೋಳ ಕೆದರುತ್ತದೆಂದು ಗುಪ್ಪೆಯ ಕಲ್ಲು ಸರಿಸಿ ಅದರೊಳಗೆ ಇಟ್ಟರು. ಅಗೆತದ ಸುದ್ದಿ ಕೇಳಿದಾಗ, ಆ ಗುಪ್ಪೆಗೆ ಯಾರ ಕೈ ಬೀಳುತ್ತದೋ ನೋಡಿಕೊಳ್ಳಬೇಕೆಂದೇ ಆಕೆ ಕೂಲಿಗೆ ಸೇರಿದ್ದಳು. ಅದನ್ನೆಲ್ಲ ಸೆರಗು ಇನ್ನೂ ಸರಿಮಾಡಿಕೊಳ್ಳದೆ, ಅಷ್ಟು ಜನರ ಮುಂದೆ ಹೇಳಿದಳು.

ಸಾಹೇಬರು ತಾವೇ ಬಗ್ಗಿ ಅವಳ ಸಂಚಿ ಎತ್ತಿಕೊಟ್ಟರು. ಎಷ್ಟು ಆಳಕ್ಕೆ ಇಟ್ಟಿರಿ ಎಂದು ಕೇಳಿದರು.

"ಮೊಣಕಾಲಮಟ ತಗದ್ವಿರಿ. ಆಮ್ಯಾಲ ಹಾಸುಗಲ್ಲು ಬಂತು. ಮೂರು ಮಂದಿ ಹಾರಿ ಹಾಕಿ ಮೀಟಿದ್ರೂ ಅಲಗಾಡ್ಲಿಲ್ಲ. ಅದರ ಮ್ಯಾಲೇ ಮಲಗಿಸಿದ್ವಿ."

"ಒಡೆದಿರಲಿಲ್ವಾ ಕಲ್ಲು?"

"ಇಲ್ಲರಿ. ಇಡೀ ಕಲ್ಲು. ಸುತ್ತ ಮಣ್ಣು ಬಿಗಿದಿತ್ತು."

ಸಾಹೇಬರು ಸ್ವಲ್ಪ ಹೊತ್ತು ಆ ಗುಪ್ಪೆಯನ್ನೇ ನೋಡುತ್ತ ನಿಂತರು. ಆಮೇಲೆ, "ಚಿಂತೆ ಮಾಡಬೇಡಿ ಅಮ್ಮ, ನಿಮ್ಮ ಕೂಸಿಗೆ ಏನೂ ಆಗೋಲ್ಲ" ಎಂದರು. ಆಕೆ ಬಗ್ಗಿ ಅವರ ಬೂಟು ಮುಟ್ಟಿದಳು. ಕಳೆದ ಮಣಿ ಸಂಜೆ ಸಾಹೇಬರ ಅಂಗಿಯ ಜೇಬಿನಲ್ಲೇ ಸಿಕ್ಕಿತು, ತಾವೇ ಜೋಪಾನವಾಗಿ ಹತ್ತಿಯಲ್ಲಿ ಸುತ್ತಿ ಇಟ್ಟುಕೊಂಡು ಮರೆತಿದ್ದರು. ಓ, ಇಲ್ಲೇ ಇದೆಯಲ್ಲ ಎಂದು ಹೇಳಿ ಚಹಾ ಕೇಳಿದರು. ಅಷ್ಟಕ್ಕೆ ಮುಗಿಯಿತು.

ಸೊಸೆಗೆ ತಾನು ಏನು ಹೇಳಿಬಿಟ್ಟೆ ಎಂಬುದು ಗೊತ್ತಿರಲಿಲ್ಲ. ನನಗೂ ಆಗ ಹೊಳೆಯಲಿಲ್ಲ. ಇಡೀ ದಿನ್ನೆಯಲ್ಲಿ ಯಾರೂ ಒಡೆಯದ ಪೆಟ್ಟಿಗೆ ಎಲ್ಲಿದೆ ಎಂದು ಸಾಹೇಬರು ಹುಡುಕುತ್ತಿದ್ದರು. ಅದನ್ನು ಬಿಡಿ ಎಂದು ಕೈ ಮುಗಿದು ಆಕೆಯೇ ತೋರಿಸಿಕೊಟ್ಟಿದ್ದಳು.

ಕೆಲವು ದಿನಗಳಾದ ಮೇಲೆ ಬಬಲೇಶ್ವರದ ಸಂತೆ ಬಂತು. ಮಗಳ ಜೊತೆ ಸಂತೆಗೆ ಹೋಗಿ ಬನ್ನಿ, ಸುಸ್ತಾಗಿದ್ದೀರಿ ಎಂದು ಸಾಹೇಬರು ಸೊಸೆಗೆ ರಜೆ ಕೊಟ್ಟರು. ಅವಳಿಗೆ ನಾಲ್ಕು ವರ್ಷದ ಒಬ್ಬ ಮಗಳಿದ್ದಳು. ಆಕೆ ಹೋದದ್ದೇ, ಸಾಹೇಬರು ನನ್ನನ್ನು ಕರೆದು ಅಂಚಿನ ಗುಪ್ಪೆಯ ಮೇಲ್ಭಾಗದ ಚಿತ್ರ ಬರೆಯಲು ಹೇಳಿದರು.

ಅದನ್ನು ಮುಟ್ಟುವುದಿಲ್ಲವೆಂದು ಮಾತು ಕೊಟ್ಟಿದ್ದೀರಲ್ಲ ಸರ್ ಎಂದೆ. ಅವರು ನಕ್ಕರು. ಕೂಸಿಗೆ ಏನೂ ಆಗೋಲ್ಲ ಅಂದೆ, ಸತ್ತ ಕೂಸಿಗೆ ಇನ್ನೇನಾಗುತ್ತದೆ ಎಂದರು. ನಾನು ಪೆನ್ಸಿಲ್ ಕೆಳಗಿಟ್ಟು, ಕಡೇಪಕ್ಷ ಆಕೆ ಬರಲಿ, ಆಕೆಯ ಕೈಯಿಂದಲೇ ಎತ್ತಿಸಿ ಬೇರೆ ಕಡೆ ಹೂಳಿಸೋಣ ಎಂದೆ. ಆಗ ಅವರು ನನ್ನ ಮುಖವನ್ನೇ ನೋಡುತ್ತ, "ನಿಮ್ಮಲ್ಲಿ ಹೂಳೋ ಪದ್ಧತಿ ಅಲ್ವಾ, ಅದಕ್ಕೆ ನಿಮಗೆ ಮಣ್ಣಿನ ಮೇಲೆ ಇಷ್ಟು ಕಕ್ಕುಲಾತಿ" ಎಂದರು. ಅಳತೆಪಟ್ಟಿ ಹಿಡಿದು ನಿಂತಿದ್ದ ಹುಡುಗರು ತಲೆ ತಗ್ಗಿಸಿದರು.

ಮೊದಲ ಕಲ್ಲು ಉರುಳಿಸಿದವಳು ಅತ್ತೆ. ಸಾಹೇಬರು ಅವಳಿಗೆ ಮೊದಲೇ ಹೇಳಿದ್ದರು, ಆಕೆ ಒಪ್ಪಿದ್ದಳು. ನಾನು ಹೋಗಿ ಅವಳ ಕೈ ಹಿಡಿದೆ. ನಿನ್ನ ಮೊಮ್ಮಗನಲ್ಲವೇನಮ್ಮ ಎಂದೆ. ಆಕೆ ಕೈ ಬಿಡಿಸಿಕೊಳ್ಳಲಿಲ್ಲ. ತಂಬಾಕು ಉಗಿದು, ಯಾರಿಗೋ ಲೆಕ್ಕ ಒಪ್ಪಿಸುವವಳಂತೆ ಹೇಳಿದಳು.

"ಇದ್ದ ಹುಡುಗೀನ ನೋಡೀರೇನು ನೀವು? ತಲಿ ಬಾಚೂದಿಲ್ಲ, ಹೊತ್ತಿಗೆ ಉಣ್ಣಾಕ ಹಾಕೂದಿಲ್ಲ. ಕುರಿ ಹಾಲೆಲ್ಲ ತಂದು ಈ ಕಲ್ಲಿಗೆ ಸುರೀತಾಳ. ಸತ್ತದ್ದು ಕುಡದು ಕುಡದು ಇದ್ದದ್ದು ಒಣಗಾಕತ್ತೈತಿ. ಇವತ್ತಿಗೆ ಮುಗೀಲಿ."

ಮೊಣಕಾಲಷ್ಟು ಆಳಕ್ಕೆ ಕೌದಿಯ ಚೂರು ಬಂತು. ಅದರೊಳಗೆ ಹಕ್ಕಿಯ ಎಲುಬಿನಂಥವು, ಹೆಬ್ಬೆರಳಿನಿಂದ ಒತ್ತಿದರೆ ಮುರಿಯುವಂಥ ತಲೆಯ ಬಿಲ್ಲೆಗಳು. ನಾನು ಹಲಗೆ ತೊಡೆಯ ಮೇಲಿಟ್ಟುಕೊಂಡು ಬರೆಯಲು ಕೂತೆ. ಸಾಹೇಬರು ಹಾಳೆಗೆ ಕೈ ಅಡ್ಡ ಇಟ್ಟರು. ಇದು ನಮ್ಮ ಕಾಲದ್ದಲ್ಲ, ಚಿತ್ರದಲ್ಲಿ ಬೇಡ ಎಂದರು. ಎರಡು ವರ್ಷದ ಹಿಂದಿನದು ನಮ್ಮ ಕಾಲವಲ್ಲದಿದ್ದರೆ ಇನ್ನಾವುದು ನಮ್ಮ ಕಾಲ ಎಂದು ನನಗೆ ತಿಳಿಯಲಿಲ್ಲ. ಅತ್ತೆ ಕೌದಿ ಸಮೇತ ಎಲ್ಲವನ್ನೂ ಮಣ್ಣಿನ ಜೊತೆ ಬುಟ್ಟಿಗೆ ಎಳೆದುಕೊಂಡಳು. ಬುಟ್ಟಿಯನ್ನು ತಲೆಗೇರಿಸದೆ ಸೊಂಟಕ್ಕಿಟ್ಟುಕೊಂಡು ದಂಡೆಯ ಅಂಚಿಗೆ ಹೋಗಿ, ದಿನವೂ ಮಣ್ಣು ಚೆಲ್ಲುವ ಜಾಗದಲ್ಲೇ ಚೆಲ್ಲಿದಳು. ಧೂಳು ಹಳ್ಳದ ಕಡೆ ಇಳಿಯಿತು. ಬುಟ್ಟಿ ಬಡಿದು ಬಂದು ಮತ್ತೆ ಕೆಲಸಕ್ಕೆ ನಿಂತಳು.

ಹಾಸುಗಲ್ಲು ಎತ್ತುವ ಹೊತ್ತಿಗೆ ಬಿಸಿಲು ಇಳಿದಿತ್ತು. ಒಳಗೆ ಯಾರೂ ಮುಟ್ಟದ ಪೆಟ್ಟಿಗೆ. ನುಣ್ಣನೆಯ ಕಪ್ಪು ಕೆಂಪು ಗಡಿಗೆಗಳು, ತುಕ್ಕು ಹಿಡಿದ ಒಂದು ಕುಡುಗೋಲು, ಮೂಲೆಯಲ್ಲಿ ಅಗಲ ಬಾಯಿಯ ಒಂದು ಹರವಿ. ಹರವಿಯೊಳಗೆ ಒಂದು ಕೂಸಿನ ಎಲುಬುಗಳು. ಸಾಹೇಬರು ಮೊಣಕಾಲೂರಿ ಕೂತು ಬ್ರಶ್ಶಿನಿಂದ ಮಣ್ಣು ಸರಿಸುತ್ತ ಹೋದರು. ಅವರ ಕಣ್ಣಲ್ಲಿ ನೀರು ಬಂತು. ಅದು ನಾಟಕವಾಗಿರಲಿಲ್ಲ. ಒಂದೊಂದು ಎಲುಬನ್ನೂ ಹತ್ತಿಯಲ್ಲಿ ಸುತ್ತಿ, ಅಲುಗಬಾರದೆಂದು ಅಂಗೈ ಮೇಲೆ ಹೊತ್ತು ತಟ್ಟೆಗೆ ಇಳಿಸಿದರು. ಗಾಳಿ ಬೀಸಿದರೆ ತಮ್ಮ ಮೈಯನ್ನೇ ಅಡ್ಡ ಕೊಡುತ್ತಿದ್ದರು. ನಾನು ಆ ಹರವಿಯ ಚಿತ್ರ ಬರೆದೆ. ನನ್ನ ಕೈಯಿಂದ ಅದಕ್ಕಿಂತ ಚಂದದ ಗೆರೆ ಬಂದಿಲ್ಲ.

ಮರುದಿನ ಬೆಳಗ್ಗೆ ಸೊಸೆ ಬಂದಳು. ಗುಪ್ಪೆ ಇದ್ದಲ್ಲಿ ಚೌಕನೆಯ ಗುಂಡಿ, ಪಕ್ಕದಲ್ಲಿ ಹಾಸುಗಲ್ಲು. ಆಕೆ ಗುಂಡಿಯ ದಡದಲ್ಲಿ ನಿಂತಳು. ನಾನು ಹತ್ತಿರ ಹೋದೆ. ಆಕೆ ನನ್ನ ಕಡೆ ನೋಡಲೇ ಇಲ್ಲ, ಅತ್ತೆಯನ್ನು ಕೇಳಿದಳು.

"ಎಲ್ಲಿ?"

"ಹಳ್ಳಕ್ಕ ಹಾಕೇನಿ. ಮುಗೀತು. ಇನ್ನ ಮನ್ಯಾಗಿಂದು ನೋಡು."

ಆಕೆ ಅಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬುಟ್ಟಿ ತೆಗೆದುಕೊಂಡು ಎಲ್ಲರ ಜೊತೆ ಮಣ್ಣು ಹೊರಲು ಶುರುಮಾಡಿದಳು. ಎಲ್ಲರೂ ಚೆಲ್ಲುವ ಅಂಚಿಗೆ ತಾನೂ ಹೋಗಿ ಚೆಲ್ಲಿ ಬರುತ್ತಿದ್ದಳು. ತಾನೇ ತನ್ನ ಕೂಸಿನ ಮೇಲೆ ಬುಟ್ಟಿ ಬುಟ್ಟಿ ಮಣ್ಣು ಹಾಕುತ್ತಿದ್ದಾಳೆಂದು ನನಗೆ ಅನ್ನಿಸಿತು. ಸಾಹೇಬರು ಅವಳನ್ನು ತೋರಿಸಿ, ನಾವು ಅಂದುಕೊಂಡಷ್ಟು ಕಷ್ಟ ಆಗಲಿಲ್ಲ, ಹಳ್ಳಿಯವರಿಗೆ ಸಾವು ಗೊತ್ತಿರುತ್ತದೆ ಎಂದು ನನಗೆ ಹೇಳಿದರು.

ಮಧ್ಯಾಹ್ನ ವಿಜಯಪುರದಿಂದ ಅತಿಥಿಗಳು ಬಂದರು. ತಾಡಪಲ್ಲಿನ ನೆರಳಿನಲ್ಲಿ ಮೇಜು ಹಾಕಿ, ಹತ್ತಿಯ ಮೇಲೆ ಆ ಹಳೆಯ ಕೂಸಿನ ಎಲುಬುಗಳನ್ನು ಜೋಡಿಸಿ ಇಟ್ಟಿದ್ದರು. ಸಾಹೇಬರು ವಿವರಿಸುತ್ತಿದ್ದರು. "ಸಾವಿರಾರು ವರ್ಷದ ಹಿಂದಿನ ಒಬ್ಬ ತಾಯಿ. ಎಷ್ಟು ಪ್ರೀತಿಯಿಂದ ಮಲಗಿಸಿದ್ದಾಳೆ ನೋಡಿ." ಬಂದವರಲ್ಲಿ ಒಬ್ಬ ಹೆಂಗಸು ಕಣ್ಣೊರೆಸಿಕೊಂಡಳು. ಆ ಹೊತ್ತಿಗೆ ಸೊಸೆ ತುಂಬಿದ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಆ ದಾರಿಯಲ್ಲೇ ಹಾಯುತ್ತಿದ್ದಳು. ನಿಂತಳು. ಬುಟ್ಟಿಯನ್ನು ಕೆಳಗಿಳಿಸಿ, ಸಿಂಬಿಯನ್ನು ಅದರ ಮೇಲಿಟ್ಟು, ಅತಿಥಿಗಳ ನಡುವೆ ಹಾದು ಬಂದು ತಟ್ಟೆಯನ್ನು ಎತ್ತಿಕೊಂಡಳು. ಯಾರೋ ಸ್ವಚ್ಛ ಮಾಡಲು ಹೇಳಿರಬೇಕೆಂದು ಬಂದವರು ದಾರಿ ಬಿಟ್ಟರು. ಆಕೆ ಓಡಲಿಲ್ಲ. ನೆಟ್ಟಗೆ ನಡೆದು ಅಂಚಿಗೆ ಹೋದಳು.

ಸಾಹೇಬರು ಹಿಂದೆಯೇ ಓಡಿದರು. ಅವರಿಗೆ ಕೇಳುವಂತೆ ಆಕೆ ಹೇಳಿದಳು. "ನನ್ನದು ಒಂದ ಐತ್ರಿ ಕೆಳಗ. ಇದೂ ಹೋಗ್ಲಿ. ಜೋಡಿ ಆಗ್ತೈತಿ."

ತಟ್ಟೆಯನ್ನು ಮಗುಚಿದಳು. ಹತ್ತಿ ಗಾಳಿಗೆ ಹಾರಿ ಜಾಲಿಕಂಟಿಗೆ ಸಿಕ್ಕಿಕೊಂಡಿತು. ಉಳಿದದ್ದು ಕೆಳಗೆ ಹೋಯಿತು.

ಅತ್ತೆ ಬಂದು ಅವಳನ್ನು ಕೂದಲು ಹಿಡಿದು ಕೆಡವಿ ಹೊಡೆದಳು. ಕೆಲಸ ಹೋಯಿತೆಂಬ ಸಿಟ್ಟೋ, ಮೊಮ್ಮಗನನ್ನು ಚೆಲ್ಲಿದ ಕೈಯಲ್ಲಿ ಉಳಿದಿದ್ದ ಇನ್ನೇನೋ, ನಿಲ್ಲಿಸಲೇ ಇಲ್ಲ. ನಾನು, ಇನ್ನಿಬ್ಬರು ಹೆಂಗಸರು ಹಿಡಿದು ಎಳೆಯಬೇಕಾಯಿತು. ಸೊಸೆ ಕೈ ಅಡ್ಡ ತರಲಿಲ್ಲ. ಅತಿಥಿಗಳು ಜೀಪು ಹತ್ತಿದರು.

ಸಂಜೆಯವರೆಗೂ ಆಳುಗಳು ಹಗ್ಗ ಕಟ್ಟಿಕೊಂಡು ದಂಡೆಯ ಇಳಿಜಾರನ್ನು ಜರಡಿ ಹಿಡಿದರು. ಸಾಹೇಬರು ತಾವೇ ಇಳಿದು ಮೊಣಕೈ ತರಚಿಕೊಂಡು ಹುಡುಕಿದರು. ಎಲುಬು ಬಂದವು. ಕಂದಿದ ಹಳೆಯವು ಬಂದವು, ಬೆಳ್ಳಗಿನ ಹೊಸವೂ ಬಂದವು. ಮಣ್ಣು ಮೆತ್ತಿದ ಚೂರುಗಳಲ್ಲಿ ಯಾವುದು ಯಾರದೆಂದು ಹೇಳುವುದು ಕಷ್ಟವಾಯಿತು. ಅನುಮಾನ ಇದ್ದದ್ದನ್ನೆಲ್ಲ ಹಳೆಯದಕ್ಕೇ ಸೇರಿಸಿ ಎಂದು ಸಾಹೇಬರು ಹೇಳಿದರು. ಬೆಳ್ಳಗಿನ ದೊಡ್ಡ ಚೂರುಗಳನ್ನು ಮಾತ್ರ ಮತ್ತೆ ಹಳ್ಳದ ಕಡೆ ಎಸೆಯಲಾಯಿತು. ಉಳಿದದ್ದೆಲ್ಲ ಒಂದೇ ಪೆಟ್ಟಿಗೆ ಸೇರಿತು.

ಪೆಟ್ಟಿಗೆಯನ್ನು ಜೀಪಿಗೆ ಏರಿಸುವಾಗ ಸೊಸೆ ಇನ್ನೂ ಅಲ್ಲೇ ಇದ್ದಳು. ತುಟಿ ಒಡೆದು ಬಾತಿತ್ತು. ನನ್ನವು ಎಷ್ಟು ಅದಾವೋ ಅಷ್ಟು ಕೊಡ್ರಿ ಎಂದು ಕೇಳಿದಳು. ಸಾಹೇಬರು ಜೀಪಿನ ಬಾಗಿಲು ಹಾಕಿಕೊಂಡು, ಯಾವಾಗಲಿನ ಅದೇ ದನಿಯಲ್ಲಿ ಹೇಳಿದರು.

"ಜೋಡಿ ಮಾಡಿದವರು ನೀವೇ ಅಲ್ವಾ ಅಮ್ಮ. ಬಿಡಿಸೋದು ಇನ್ನು ನನ್ನ ಕೈಲಿಲ್ಲ."

ಪೊಲೀಸರಿಗೆ ದೂರು ಕೊಡಲಿಲ್ಲ. ಕೊಟ್ಟರೆ ಅವಳ ಕೂಸನ್ನು ಹಳ್ಳಕ್ಕೆ ಚೆಲ್ಲಿಸಿದ್ದೂ ಹೊರಬರುತ್ತಿತ್ತು. ಅತ್ತೆ ಸೊಸೆ ಇಬ್ಬರನ್ನೂ ಕೆಲಸದಿಂದ ತೆಗೆದರು. ನಾನು ಮರುದಿನ ಹೋಗಿ ನನ್ನ ಹಲಗೆ, ಅಳತೆಪಟ್ಟಿ ತೆಗೆದುಕೊಂಡು ಬಂದೆ. ಹೋಗುವಾಗ ಸಾಹೇಬರು, ನಿಮ್ಮ ಕೈಯಲ್ಲಿ ಕಲೆ ಇದೆ, ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂದು ಹರಸಿದರು. ಈಗ ಇಬ್ರಾಹಿಂಪುರದ ಹತ್ತಿರ ಒಂದು ಶಾಲೆಯಲ್ಲಿ ಮಕ್ಕಳಿಗೆ ಚಿತ್ರ ಹೇಳಿಕೊಡುತ್ತೇನೆ.

ಕಳೆದ ಚಳಿಗಾಲದಲ್ಲಿ ಸಂಬಂಧಿಕರ ಮದುವೆಗೆಂದು ತಿಕೋಟಾಕ್ಕೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಸೊಸೆ ಸಿಕ್ಕಳು. ಆಕೆಯೇ ಗುರುತು ಹಿಡಿದು, ಹೆಂಗದೀರಿ ಮೇಡಂ ಎಂದಳು. ಪಕ್ಕದಲ್ಲಿ ಮಗಳು. ಎರಡು ಜಡೆಗೂ ಕೆಂಪು ರಿಬ್ಬನ್ನು, ಮೈ ತುಂಬಿಕೊಂಡಿತ್ತು. ಸಾಲಿಗೆ ಹಾಕೇನ್ರಿ ಎಂದಳು. ನನಗೆ ಎಷ್ಟು ಹಗುರವಾಯಿತೆಂದರೆ ಮಗುವಿಗೆ ಶೇಂಗಾ ಚಿಕ್ಕಿ ಕೊಡಿಸಿ ಪಕ್ಕದಲ್ಲಿ ಕೂರಿಸಿಕೊಂಡೆ. ಮುದುಕಿ ಹೇಳಿದ್ದು ಒಂದು ಲೆಕ್ಕಕ್ಕೆ ನಿಜವಾಯಿತೇ ಎಂದು ಒಂದು ಗಳಿಗೆ ಅನ್ನಿಸಿತು. ಅತ್ತೆ ಹೇಗಿದ್ದಾರೆ ಎಂದು ಕೇಳಿದೆ.

ಮಳೆಗಾಲದಲ್ಲಿ ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದಾಳೆ, ಮಾತು ಬಿದ್ದುಹೋಗಿದೆ, ಬಲಗೈ ಮಾತ್ರ ಸ್ವಲ್ಪ ಏಳುತ್ತದೆ ಎಂದಳು. ನೋಡಿಕೊಳ್ಳುವವರು ಯಾರೆಂದು ಕೇಳಿದೆ.

"ನಾನ ರೀ. ಮತ್ಯಾರು ಅದಾರ? ತೊಳಿಯೂದು, ಬಳಿಯೂದು, ಉಣಸೂದು, ಎಲ್ಲಾ ನಾನ. ಒಂದು ದಿನಾನೂ ಹೊಲಸಿನ್ಯಾಗ ಮಲಗಿಸಿಲ್ಲ." ಆಮೇಲೆ ಚೀಲದ ಹಿಡಿಕೆ ಸರಿಮಾಡಿಕೊಳ್ಳುತ್ತ, ಅಡಿಗೆಯ ವಿಷಯ ಹೇಳುವಷ್ಟೇ ಸಲೀಸಾಗಿ ಹೇಳಿದಳು. "ಉಣಸೂ ಮೊದಲ ಕೇಳ್ತೇನಿ, ನನ್ನ ಕೂಸು ಎಲ್ಲೈತಿ ಅಂತ. ಹಳ್ಳದ ಕಡೆ ಕೈ ಮಾಡಿ ತೋರಿಸಬೇಕು. ತೋರಿಸಿದ ಮ್ಯಾಲೆ ತುತ್ತು ಕೊಡ್ತೇನಿ. ಪ್ರತಿ ತುತ್ತಿಗೂ ಕೇಳ್ತೇನಿ."

ಕೈ ಏಳದ ದಿನ ಏನು ಮಾಡುತ್ತೀ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಮಗಳು ಚಿಕ್ಕಿ ಕಚ್ಚುತ್ತ ಅದನ್ನೆಲ್ಲ ಕೇಳುತ್ತಿದ್ದಳು.

"ನಾನೂ ಕೇಳ್ತೇನಿ. ಅವ್ವ ನೀರಿಗೆ ಹೋದಾಗ ನಾನೂ ಉಣಸ್ತೇನಿ" ಎಂದಳು.

ಸೊಸೆ ಮಗಳ ರಿಬ್ಬನ್ನು ಬಿಗಿಮಾಡಿದಳು. ಬಬಲೇಶ್ವರದ ಬಸ್ಸು ಬಂತು, ಜನ ನುಗ್ಗಿದರು. ಆಕೆ ಮಗಳನ್ನು ಕಿಟಕಿಯಿಂದ ಒಳಗೆ ದಾಟಿಸಿ ಸೀಟು ಹಿಡಿಸಿ, ತಾನು ಬಾಗಿಲಿನಿಂದ ಹತ್ತಿದಳು.